ಕೊಳವೆಯ ಒತ್ತಡಕ್ಕೆ ಉಸಿರಾಟದ ಮದ್ದು ಹೇಳಿದವರಿಗೆ

ನೀರು ಸರಬರಾಜು ಕಚೇರಿಯ ಗ್ರಂಥಾಲಯದಲ್ಲಿ, ಮೊನ್ನೆಯವರೆಗೆ ನನ್ನದಾಗಿದ್ದ ಮೇಜಿನ ಮೇಲೆ ವಿರಾಜಮಾನರಾಗಿ, ಕೇಳಿದ್ದಕ್ಕೆಲ್ಲ ಉತ್ತರ ಬರೆದುಕೊಡುವ ಮಾನ್ಯ ಹುಡುಕುಯಂತ್ರದವರೇ,

ತಮ್ಮ ಪಾದಾರವಿಂದಗಳಿಗೆ, ಅಂದರೆ ತಮ್ಮ ಪ್ಲಗ್ಗಿಗೆ, ಇಲ್ಲಿನ ಗ್ರಂಥಪಾಲಕಿಯ ನಮಸ್ಕಾರಗಳು. ತಾವು ಬಂದಮೇಲೆ ನಾನು ದಂಡ ಎಂದು ತೀರ್ಮಾನಿಸಿದ ದೊಡ್ಡ ಸಾಹೇಬರು ಗ್ರಂಥಾಲಯವನ್ನೇ ಮುಚ್ಚಿ ನನ್ನನ್ನು ಮನೆಗೆ ಕಳುಹಿಸಲು ಹೊರಟಿರುವುದು ತಮಗೆ ಗೊತ್ತೇ ಇದೆ. ನನಗೇನೂ ಹೊಟ್ಟೆಕಿಚ್ಚಿಲ್ಲ. ಇದೆ, ಆದರೆ ಬಹಿರಂಗ ಪತ್ರದಲ್ಲಿ ಹಾಗೆಲ್ಲ ಬರೆಯಬಾರದಂತೆ.

ತಮ್ಮ ಪಾಂಡಿತ್ಯವನ್ನು ಎಷ್ಟು ಹೊಗಳಿದರೂ ಸಾಲದು. ಸೋರಿಕೆ ತಡೆಯುವುದು ಹೇಗೆಂದು ಕೇಳಿದವರಿಗೆ ಪ್ರಶ್ನೆಪತ್ರಿಕೆಗಳನ್ನು ಬೀಗ ಹಾಕಿಡಲು ಹೇಳಿದಿರಿ. ಕವಾಟ ಕೆಟ್ಟಿದೆ ಎಂದವರನ್ನು ತಡಮಾಡದೆ ಹೃದ್ರೋಗ ತಜ್ಞರ ಬಳಿಗೆ ಅಟ್ಟಿದಿರಿ. ಮುಖ್ಯ ಕೊಳವೆಯಲ್ಲಿ ಒತ್ತಡ ಏರುತ್ತಿದೆ, ತಗ್ಗಿಸುವುದು ಹೇಗೆ ಎಂದು ಕಿರಿಯ ಎಂಜಿನಿಯರ್ ಕೇಳಿದಾಗಂತೂ, ಕಣ್ಣು ಮುಚ್ಚಿ ದೀರ್ಘವಾಗಿ ಉಸಿರಾಡಿ, ಇಷ್ಟದ ಹಾಡು ಕೇಳಿ ಎಂದು ಸಲಹೆ ಕೊಟ್ಟಿರಿ. ಪಾಪ, ಅವರು ಎಂಥ ಶ್ರದ್ಧೆಯಿಂದ ಉಸಿರಾಡಿದರೆಂದರೆ, ಕಣ್ಣು ತೆರೆಯುವಷ್ಟರಲ್ಲಿ ಕೊಳವೆ ಒಡೆದು ಎದುರು ಬೀದಿಯ ದರ್ಜಿಯ ಅಂಗಡಿಗೆ ನೀರು ನುಗ್ಗಿತ್ತು.

ಆಮೇಲೆ ಏದುಸಿರು ಬಿಡುತ್ತ ನನ್ನ ಬಳಿಗೇ ಓಡಿಬಂದರು: "ಅಕ್ಕಾ, ಅದೇ, ಆ ದಪ್ಪ ನೀಲಿ ಪುಸ್ತಕ, ಹೋದ್ಸಲ ಹಿಂಗೇ ಆದಾಗ ಕೊಟ್ಟಿದ್ರಲ್ಲಾ, ಬೇಗ ಕೊಡಿ!" ಕೊಟ್ಟೆ. ಅದು ಹಸಿರು ಪುಸ್ತಕ. ಅವರು ಯಾವಾಗಲೂ ನೀಲಿ ಎನ್ನುತ್ತಾರೆ, ನಾನು ಯಾವಾಗಲೂ ಹಸಿರನ್ನೇ ಕೊಡುತ್ತೇನೆ. ಹೀಗೆ ಅರ್ಧಂಬರ್ಧ ಕೇಳುವವರ ನಡುವೆಯೇ ತಲೆ ನರೆತ ನನಗೆ ಈ ಕೋಣೆ ಬಿಡಬೇಕೆಂದರೆ ನಿಜಕ್ಕೂ ಸಂಕಟವಾಗುತ್ತದೆ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಖುದ್ದಾಗಿ ಪಂಪ್‌ಹೌಸಿಗೆ ದಯಮಾಡಿಸಿ, ಆ ಕೊಳವೆಗೂ ಉಸಿರಾಟ ಕಲಿಸಿಕೊಡಬೇಕಾಗಿ ಪ್ರಾರ್ಥನೆ. ಅದಾಗದಿದ್ದರೆ, 'ನನಗೆ ಗೊತ್ತಿಲ್ಲ, ಅಕ್ಕನ್ನ ಕೇಳಿ' ಎಂಬ ಒಂದೇ ಒಂದು ವಾಕ್ಯವನ್ನಾದರೂ ಕಲಿಯಬೇಕು.

ಇನ್ನೂ ಕುರ್ಚಿ ಬಿಡದ ತಮ್ಮ ವಿಶ್ವಾಸಿ,
ಗ್ರಂಥಪಾಲಕಿ

ತಾ.ಕ.: ಇದನ್ನು ಬರೆದು ಮುಗಿಸುವಷ್ಟರಲ್ಲಿ ಆದೇಶ ಕೈಸೇರಿತು. 'ಗ್ರಂಥಾಲಯ ಮುಚ್ಚಲು ಆದೇಶ ಬರೆದುಕೊಡು' ಎಂದು ಸಾಹೇಬರು ತಮ್ಮನ್ನೇ ಕೇಳಿದ್ದರಂತೆ. ತಾವು ಬರೆದುಕೊಟ್ಟದ್ದು: 'ಗ್ರಂಥಾಲಯವನ್ನು ದಿನಾ ಸಂಜೆ ಧೂಳು ಕೂರದಂತೆ ದಪ್ಪ ಬಟ್ಟೆಯಿಂದ ಮುಚ್ಚತಕ್ಕದ್ದು, ಬೆಳಿಗ್ಗೆ ತೆಗೆಯತಕ್ಕದ್ದು, ಈ ಕೆಲಸಕ್ಕೆ ಗ್ರಂಥಪಾಲಕಿಯನ್ನು ಕಾಯಂ ಆಗಿ ಇರಿಸಿಕೊಳ್ಳತಕ್ಕದ್ದು.' ಸಾಹೇಬರು ಓದದೆ ರುಜು ಹಾಕಿದ್ದಾರೆ. ಓದಲಿಲ್ಲ ಎಂದು ಒಪ್ಪಿಕೊಳ್ಳುವ ಹಾಗಿಲ್ಲ, ಹಾಗಾಗಿ ವಾಪಸ್ ಪಡೆಯುವ ಹಾಗೂ ಇಲ್ಲ. ಬಟ್ಟೆ ಬಂದಿದೆ. ಅಳತೆ ತುಸು ಹೆಚ್ಚೇ ಇದೆ. ಇವತ್ತು ಸಂಜೆ ತಮ್ಮನ್ನೂ ಚೆನ್ನಾಗಿ ಮುಚ್ಚಿಯೇ ಮನೆಗೆ ಹೋಗುತ್ತೇನೆ.