ಕಿವಿಯಿದ್ದ ಜೀಪು

ಸಿದ್ದರಾಜುವಿನ ಜೀಪನ್ನು ಒಂದೇ ಭಾನುವಾರದಲ್ಲಿ ಮಾರಿಕೊಡುತ್ತೇನೆಂದು ಊಟದ ಎಲೆಯ ಮುಂದೆ ಕೂತು ಘೋಷಿಸಿದೆ!

"ನೀವಾ?" ಎಂದಳು ನನ್ನ ಹೆಂಡತಿ ಗೋದಾ, ಸಾರಿನ ಸೌಟನ್ನು ಗಾಳಿಯಲ್ಲೇ ನಿಲ್ಲಿಸಿ. "ಹಳೇ ಪೇಪರ್ ಹಾಕೋಕ್ಕೆ ಹೋಗಿ ಅವತ್ತಿನ ಪೇಪರನ್ನೂ ತೂಕಕ್ಕೆ ಹಾಕಿ ಬಂದೋರು ನೀವು."

"ಹನ್ನೆರಡು ವರ್ಷ ಅದರ ಮುಂದಿನ ಸೀಟಿನಲ್ಲಿ ಕೂತಿದ್ದೀನಿ ಕಣೇ! ಆ ಜೀಪಿನ ನಾಡಿ ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು?"

"ಕೂತಿದ್ದೀರಿ. ಅದು ನಿಜ," ಎಂದು ಸಾರು ಬಡಿಸಿದಳು.

ನನ್ನ ಗೆಳೆಯ ಸಿದ್ದರಾಜು ತೀರಿಹೋಗಿ ಆಗ ಮೂರು ತಿಂಗಳು. ಅವನು ವೈದ್ಯನಾಥಪುರದ ರೈತ, ನಾನು ಮದ್ದೂರಿನಲ್ಲಿ ಹೈಸ್ಕೂಲು ಮೇಷ್ಟ್ರು. ಮಿಲಿಟರಿಯವರ ಹರಾಜಿನಲ್ಲಿ ಹಿಡಿದ ಹಳೆಯ ಜೀಪಿಗೆ ಅವನು ಬಸವ ಎಂದು ಹೆಸರಿಟ್ಟಿದ್ದ. ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಮುಂದೆ ಬಂದು ಹಾರ್ನ್ ಒತ್ತುವನು. ಒಮ್ಮೆ ಮಳವಳ್ಳಿ, ಒಮ್ಮೆ ಮುತ್ತತ್ತಿ, ಎಷ್ಟೋ ಸಲ ಎಲ್ಲಿಗೂ ಇಲ್ಲ, ಸುಮ್ಮನೆ ಒಂದು ಸುತ್ತು. ಅವನು ಹೋದ ಮೇಲೂ ನಾನು ಭಾನುವಾರ ಅಂಗಿ ತೊಟ್ಟು ಜಗಲಿಯ ಮೇಲೆ ಕೂರುತ್ತಿದ್ದೆ.

ಜೀಪು ಮಾರಬೇಕೆಂದವರು ಅವನ ಹೆಂಡತಿ ಇಂದ್ರಮ್ಮ. "ಬಾಗ್ಲು ತಗುದ್ರೆ ಎದುರ್ಗೇ ನಿಂತಿರ್ತದೆ ಮೇಷ್ಟ್ರೆ. ಒಳಗಿಂದ ಅವ್ರು ಈಗ ಬತ್ತಾರೆ, ಆಗ ಬತ್ತಾರೆ ಅಂತ ಕಾಯ್ದಂಗೆ. ನಂಗೆ ನೋಡಕ್ಕಾಗಕ್ಕಿಲ್ಲ. ಯಾರ್ಗಾದ್ರೂ ಕೊಟ್ಬುಡಿ."

ಮಳವಳ್ಳಿಯ ಆಚೆ ಬ್ಲಫ್ ಎಂಬಲ್ಲಿರುವ ವಿದ್ಯುತ್ ಕೇಂದ್ರದ ಗುಮಾಸ್ತ ಸಂಪತ್ ಕುಮಾರರನ್ನು ನಾನೇ ಹಿಡಿದೆ. ಸ್ಕೂಟರು ಬಿಟ್ಟರೆ ಬೇರೇನೂ ಓಡಿಸಿ ಗೊತ್ತಿಲ್ಲದ ಸಜ್ಜನರು. "ಡ್ರೈವರನ್ನ ಮಳವಳ್ಳಿಯಲ್ಲಿ ನಿಲ್ಲಿಸಿರ್ತೀನಿ. ಅಲ್ಲಿವರೆಗೆ ನೀವೇ ಓಡಿಸಿಕೊಂಡು ಬನ್ನಿ ಸಾರ್. ಸ್ಟಾರ್ಟ್ ಆದ್ರೆ ತಗೊಂಡೆ, ಆಗ್ಲಿಲ್ಲ ಅಂದ್ರೆ ಬೇಡ," ಎಂದರು.

"ನಾನಾ?"

"ನೀವೇ ತಾನೇ ಓಡಿಸ್ತಿದ್ದಿದ್ದು? ಎಷ್ಟು ಸಲ ನೋಡಿದ್ದೀನಿ!"

ಇಲ್ಲೊಂದು ಗುಟ್ಟಿದೆ. ಆ ಮಿಲಿಟರಿ ಜೀಪಿನ ಸ್ಟೇರಿಂಗು ಎಡಗಡೆಗೆ. ಬಲಗಡೆ, ಎಲ್ಲ ವಾಹನಗಳಲ್ಲೂ ಡ್ರೈವರು ಕೂರುವ ಜಾಗದಲ್ಲಿ, ಕೈಕಟ್ಟಿ ಕೂರುತ್ತಿದ್ದವನು ನಾನು! ಹನ್ನೆರಡು ವರ್ಷ ರಸ್ತೆಯ ಜನ ನನಗೇ ಸಲಾಮು ಹೊಡೆದರು. ಬಂದ ಕೀರ್ತಿಯನ್ನು ನಾನು ತಿರಸ್ಕರಿಸಲಿಲ್ಲ. ಅವತ್ತೂ ತಿರಸ್ಕರಿಸಲಿಲ್ಲ.

ಭಾನುವಾರ ಬಂತು. ಸಿದ್ದರಾಜು ಜೀಪನ್ನು ಯಾವಾಗಲೂ ಇಳಿಜಾರಿಗೆ ಮುಖ ಮಾಡಿ ನಿಲ್ಲಿಸುತ್ತಿದ್ದ. ಅದು ಪಶ್ಚಿಮ ದಿಕ್ಕು. ಮನೆ ಬಿಟ್ಟು ಹೋಗುವ ವಾಹನ ಪೂರ್ವಕ್ಕೆ ನಿಲ್ಲುವುದು ಶುಭವೆಂದು ನಾಲ್ಕು ಆಳು ಹಿಡಿಸಿ ತಿರುಗಿಸಿ ನಿಲ್ಲಿಸಿದೆ. ಕುಂಕುಮ ಇಟ್ಟೆ. ನಾಲ್ಕು ಚಕ್ರಕ್ಕೂ ಹಿಂದೊಂದು ಮುಂದೊಂದು ನಿಂಬೆಹಣ್ಣು ಇಟ್ಟೆ. ಇಷ್ಟಾಗುವ ಹೊತ್ತಿಗೆ ಬಸವನ ಮೂತಿ ದಿಬ್ಬದ ಕಡೆಗೆ, ಹಿಂಭಾಗ ಇಳಿಜಾರಿನ ಕಡೆಗೆ ಇದ್ದದ್ದನ್ನು ಮಾತ್ರ ಗಮನಿಸಲಿಲ್ಲ.

ಸಂಪತ್ ಕುಮಾರರು ಬಂದರು. ನಾನು ಗಂಭೀರವಾಗಿ ಹೋಗಿ ಬಲಗಡೆ ಕೂತೆ.

"ಸಾರ್, ಸ್ಟೇರಿಂಗು ಅಲ್ಲಿದೆ," ಎಂದರು ಅವರು.

"ಅದು... ಸೀಟು ಪರೀಕ್ಷೆ ಮಾಡಿದೆ," ಎಂದು ಸರಿದು ಕೂತೆ. ಜಗಲಿಯ ಮೇಲೆ ಇಂದ್ರಮ್ಮನವರ ಪಕ್ಕದಲ್ಲಿದ್ದ ಗೋದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಸ್ಟಾರ್ಟ್ ಮಾಡುವ ವಿದ್ಯೆ ನನಗೆ ಬಾಯಿಪಾಠ. ಸಿದ್ದರಾಜು ಸ್ವಿಚ್ಚು ತಿರುಗಿಸಿ, ಸ್ಟೇರಿಂಗಿಗೆ ಎರಡೇಟು ತಟ್ಟಿ, "ಏಳ್ಲಾ ಬಸ್ವ!" ಎನ್ನುವನು. ತಕ್ಷಣ ಗುಡುಗಿನಂತೆ ಏಳುವುದು! "ಇದುಕ್ಕೆ ಕಿವಿ ಅದೆ ಮೇಷ್ಟ್ರೆ," ಎನ್ನುವನು. ಎರಡು ಬೀರು ಪುಸ್ತಕ ಓದಿದ ನಾನು ಅದನ್ನು ನಂಬಿರಲಿಲ್ಲ. ಆದರೆ ಪ್ರತಿ ಭಾನುವಾರ ಕಣ್ಣೆದುರು ನಡೆದದ್ದನ್ನು ಸುಳ್ಳೆನ್ನುವುದು ಹೇಗೆ?

ಸ್ವಿಚ್ಚು ತಿರುಗಿಸಿದೆ. ಎರಡೇಟು ತಟ್ಟಿದೆ. "ಏಳಪ್ಪಾ ಬಸವಾ!"

ಬಸವ ಮಲಗಿಯೇ ಇದ್ದ.

"ಯಾರನ್ನ ಕರೀತಿದ್ದೀರಿ ಸಾರ್?" ಸಂಪತ್ ಕುಮಾರರು ಸುತ್ತ ನೋಡಿದರು.

ನನ್ನ ಭಾಷೆ ಅದಕ್ಕೆ ಹಿಡಿಸಿರಲಿಕ್ಕಿಲ್ಲ! ಸಿದ್ದರಾಜುವಿನ ಗಂಟಲನ್ನೇ ತಂದುಕೊಂಡು, "ಏಳ್ಲಾ ಬಸ್ವ!" ಎಂದು ಊರಿಗೆ ಕೇಳುವಂತೆ ಕೂಗಿದೆ. ಜಗಲಿಯ ಮೇಲೆ ಇಂದ್ರಮ್ಮ ಬೆಚ್ಚಿ ಎದ್ದು ನಿಂತರು. ಗಂಡನ ದನಿಯೇ ಕೇಳಿದಂತಿತ್ತು ಅವರ ಮುಖ. ಗಾಬರಿಯಲ್ಲಿ ಸಿಕ್ಕಿದ ಹಿಡಿಯೊಂದನ್ನು ಎಳೆದು ಸಡಿಲಿಸಿದೆ. ಅದು ಬ್ರೇಕು!

ನಿಂಬೆಹಣ್ಣುಗಳು ಶಾಸ್ತ್ರೋಕ್ತವಾಗಿ ಅಪ್ಪಚ್ಚಿಯಾದವು. ಜೀಪು ಹೊರಟದ್ದು ಮುಂದಕ್ಕಲ್ಲ, ಹಿಂದಕ್ಕೆ! ಪೂರ್ವಾಭಿಮುಖನಾಗಿ ನಾನು ಪಶ್ಚಿಮಕ್ಕೆ ಪ್ರಯಾಣ ಬೆಳೆಸಿದೆ. ಸಂಪತ್ ಕುಮಾರರು "ಸಾರ್! ಸಾರ್!" ಎಂದು ಎದುರಿಗೇ ಓಡಿ ಬರುತ್ತಾ ಚಿಕ್ಕವರಾಗುತ್ತಾ ಹೋದರು. ಆಮೇಲೆ ಎಲ್ಲವೂ ಮೆತ್ತಗಾಯಿತು. ಕತ್ತಲಾಯಿತು. ಹುಲ್ಲಿನ ವಾಸನೆ ಬಂತು.

"ಯಾರ್ಲಾ ಅದು ನನ್ ಮೆದೆ ಒಳೀಕೆ ನುಗ್ಗಿದ್ದು?" ಪಕ್ಕದ ಮನೆಯ ತಿಮ್ಮಯ್ಯ ಹುಲ್ಲು ಸರಿಸಿ ಇಣುಕಿದ. "ಓ, ಮೇಷ್ಟ್ರಾ! ಇಂದ್ಕೆ ಓಡ್ಸೋದು ಯಾವ ಪುಸ್ತಕ್ದಲ್ಲಿ ಬರ್ದವ್ರೆ ಸ್ವಾಮಿ?"

ಗೋದಾ ಓಡಿ ಬಂದಳು. "ಏಟಾಯ್ತೇನ್ರೀ?"

"ಇಲ್ಲ ಕಣೇ. ಅದು ನನ್ನ ಮಾತು ಕೇಳ್ತಿಲ್ಲ. ಅವನ ಮಾತೇ ಬೇಕು ಅದಕ್ಕೆ." ಗೆಳೆಯನಿಗಾಗಿ ಮಾಡಬೇಕಾಗಿದ್ದ ಕೊನೆಯ ಕೆಲಸ ಅದೊಂದೇ. ಕೊಳ್ಳಬಂದವರು ಆಗಲೇ ಹೊರಡಲು, ಓಡುವಾಗ ಕಳಚಿದ್ದ ಚಪ್ಪಲಿ ಹುಡುಕುತ್ತಿದ್ದರು.

"ವಸಿ ಆ ಕಡೀಕೆ ಸರೀರಿ ಮೇಷ್ಟ್ರೆ," ಎಂದಿತು ಒಂದು ದನಿ. ಇಂದ್ರಮ್ಮ! ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹತ್ತಿದರು. ನಾನು ನನ್ನ ಹಳೆಯ ಜಾಗಕ್ಕೆ ಸರಿದೆ. ಅವರು ಸ್ವಿಚ್ಚು ತಿರುಗಿಸಿ, ಸ್ಟೇರಿಂಗಿಗೆ ಎರಡೇಟು ತಟ್ಟಿ, ಮೆಲ್ಲಗೆ "ಏಳ್ಲಾ ಬಸ್ವ" ಎಂದರು.

ಗುಡುಗು! ಬಸವ ಮೈತುಂಬ ಹುಲ್ಲು ಹೊತ್ತು ಮೆದೆಯಿಂದ ಹೊರಬಂದ. "ತಗೊಂಡೆ!" ಎಂದು ಸಂಪತ್ ಕುಮಾರರು ಚಪ್ಪಲಿ ಬಿಟ್ಟೇ ಹಿಂದಕ್ಕೆ ಹತ್ತಿಕೊಂಡರು. ಗೋದಾ ಅವರ ಎದುರು ಕೂತಳು.

ಜೀಪು ಮಳವಳ್ಳಿ ರಸ್ತೆ ಸೇರಿತು. ನಾನು ಹೆಂಡತಿಯ ಕಡೆ ತಿರುಗಿ, "ನೋಡಿದೆಯಾ? ಕಿವಿ ಇದೆ!" ಎಂದೆ.

ಇಂದ್ರಮ್ಮ ಕಣ್ಣಲ್ಲೇ ತಮ್ಮ ಕಾಲ ಕಡೆ ತೋರಿಸಿದರು. ಜೀಪಿನ ತಳದಲ್ಲಿ, ಬಲಗಾಲಿನ ಬಳಿ, ಸವೆದು ಹೊಳೆಯುವ ಒಂದು ಒತ್ತುಗುಂಡಿ.

"ಅದುನ್ನ ತುಳುದ್ರೆ ಏಳ್ತದೆ ಮೇಷ್ಟ್ರೆ. ಗದ್ದೆ ಬಯಲ್ನಲ್ಲಿ ನಂಗೆ ಕಲ್ಸಿದ್ರು. ನಿಮ್ಗೆ ಯೋಳ್ಬ್ಯಾಡ ಅಂದಿದ್ರು. ಪಾಪ, ನಂಬವ್ರೆ, ಇರ್ಲಿ ಅಂತ."

"ಹನ್ನೆರಡು ವರ್ಷ!" ಎಂದೆ. "ಪಕ್ಕದಲ್ಲೇ ಕೂತು ನನಗೆ ಕಾಣಲಿಲ್ಲವಲ್ಲ ತಾಯಿ!"

ಇಂದ್ರಮ್ಮ ಗೇರು ಬದಲಿಸಿದರು. "ಎಂಗೆ ಕಂಡಾತು? ಹತ್ತುದ್ರಿಂದ ಇಳಿಯೋಗಂಟ ಅವ್ರ ಮೊಕಾನೇ ನೋಡ್ಕಂಡು ಕುಂತಿರ್ತಿದ್ರಿ."