ಹಾರುವ ತಟ್ಟೆಯೂ ಬೀರೂರಿನ ವರನೂ

ಆಕಾಶ ಎಲ್ಲ ಊರಿಗೂ ಒಂದೇ. ಆದರೂ ಅದರಲ್ಲಿ ಏನಾದರೂ ವಿಚಿತ್ರ ಕಾಣಿಸುವುದು ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಕಡೆಯೇ ಹೆಚ್ಚು. ನಾನು ಕಡೂರಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದಷ್ಟು ಕಾಲವೂ ಇಂಥ ವರದಿಗಳಿಗೆ ಬರವಿರಲಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ, ಅಮೆರಿಕದವರು ಬಾಹ್ಯಾಕಾಶಕ್ಕೆ ಹಾರಿಸಿದ್ದ ಪ್ರಯೋಗಶಾಲೆ ಭೂಮಿಗೆ ಬೀಳುತ್ತದೆಂದು ಪತ್ರಿಕೆಗಳು ಬರೆದ ಮೇಲಂತೂ, ಎತ್ತು ಹೂಡುವವನೂ ಒಮ್ಮೆ ಮೇಲೆ ನೋಡಿಯೇ ನೊಗಕ್ಕೆ ಕೈ ಹಾಕುತ್ತಿದ್ದ.

೧. ತಲೆ ಸರಿ ಇದೆಯಾ?

ಆ ದಿನಗಳಲ್ಲೇ ತರೀಕೆರೆಯ ಕೊಬ್ಬರಿ ವರ್ತಕರೊಬ್ಬರು ಬಸ್ಸಿಳಿದು ನೇರ ನಮ್ಮ ಮನೆಗೆ ಬಂದರು. ಮಗಳಿಗೆ ಬೀರೂರು ಸ್ಟೇಷನ್ನಿನ ಅಸಿಸ್ಟೆಂಟ್ ಸ್ಟೇಷನ್ ಮಾಸ್ಟರ್ ಹುಡುಗನನ್ನು ನೋಡಿದ್ದರು. ಜಾತಕ ಕೂಡಿತ್ತು, ಹುಡುಗಿಗೆ ಫೋಟೋ ಒಪ್ಪಿಗೆಯಾಗಿತ್ತು.

"ಮತ್ತೆ ತೊಂದರೆ ಏನು?" ಎಂದೆ.

"ಹುಡುಗ ಹಾರುವ ತಟ್ಟೆ ನೋಡವ್ನಂತೆ ಸಾರ್."

"ಯಾರು ಹೇಳಿದ್ದು?"

"ಇಡೀ ಬೀರೂರೇ ಹೇಳ್ತದೆ. ನೀವು ಯಾರ ಮುಲಾಜಿಗೂ ಸುಳ್ಳು ಹೇಳೋರಲ್ಲ. ಅವನ ತಲೆ ಸರಿ ಇದೆಯಾ ಇಲ್ವಾ, ಒಂದ್ಸಲ ನೋಡಿ ಹೇಳಿ. ಸರಿ ಇಲ್ಲಾಂದ್ರೆ ಸಂಬಂಧ ಬಿಟ್ಬಿಡ್ತೀನಿ. ಮಗಳು ಮಾತ್ರ ಅವನೇ ಬೇಕು ಅಂತ ಕೂತವ್ಳೆ."

"ತಟ್ಟೆ ವಿಷಯ ಅವಳಿಗೆ ಗೊತ್ತಾ?"

"ಗೊತ್ತಾದ ಮೇಲೇ ಸಾರ್ ಹಠ ಜಾಸ್ತಿ ಆಗಿದ್ದು!"

೨. ಬೀರೂರಿನ ಸಾಕ್ಷಿ

ವರನ ಗುಣವನ್ನು ವರನ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಅವನ ಬೀದಿಯ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ವಿಚಾರಿಸುವುದು ನಮ್ಮ ಕಡೆಯ ಪದ್ಧತಿ. ವರ್ತಕರೂ ನಾನೂ ಹಾಗೆಯೇ ಹೋಗಿ ಕೂತೆವು. "ಸ್ಟೇಷನ್ನಿನ ಹುಡುಗ ಹೇಗೆ?" ಎಂದು ಹೋಟೆಲ್ ಯಜಮಾನನನ್ನು ಕೇಳಿದೆ.

"ಅವ್ನ ಬಿಡಿ ಸಾರ್, ಅವ್ನು ಸರಿಯಾಗಿ ನೋಡೇ ಇಲ್ಲ. ನಾನು ಹೇಳ್ತೀನಿ ಕೇಳಿ. ತಟ್ಟೆ ಅಂದ್ರೆ ನಮ್ಮ ಇಡ್ಲಿ ತಟ್ಟೆ ಇರ್ತದಲ್ಲ, ಹಂಗೆ ಗುಳಿ ಗುಳಿ. ಒಂದೊಂದು ಗುಳೀಲೂ ಒಬ್ಬೊಬ್ಬ ಕೂತಿದ್ದ. ಎಲ್ರೂ ಹಸಿರು."

ಪ್ರಮಾಣವಿಲ್ಲದ ಮಾತು ನನಗೆ ಆಗಿಬರುವುದಿಲ್ಲ. ಆದರೆ ಅಷ್ಟು ಶ್ರದ್ಧೆಯಿಂದ ಕಟ್ಟಿದ ಮಾತಿಗೆ ಸಿಟ್ಟು ಮಾಡಿಕೊಳ್ಳಲು ನನ್ನಿಂದಲೂ ಆಗಲಿಲ್ಲ. "ನೀವೇ ಕಣ್ಣಾರೆ ಕಂಡಿರಾ?" ಎಂದೆ.

"ಎಲ್ಲಿ ಸಾರ್, ಆವತ್ತು ಅಜ್ಜಂಪುರಕ್ಕೆ ಮದುವೆಗೆ ಹೋಗಿದ್ದೆ. ಇಲ್ಲೇ ಇದ್ದಿದ್ರೆ ಇನ್ನೂ ವಿವರವಾಗಿ ಹೇಳ್ತಿದ್ದೆ!"

೩. ಹುಡುಗನ ಉತ್ತರ

ಅಲ್ಲಿಂದ ಸ್ಟೇಷನ್ನಿಗೆ ಹೋದೆವು. ಒಂದು ಗಾಡಿ ಬಿಟ್ಟು ಬಂದ ಹುಡುಗನನ್ನು ನಿಲ್ಲಿಸಿ, "ಏನಪ್ಪಾ, ಹಾರುವ ತಟ್ಟೆ ನೋಡಿದೆಯಂತೆ?" ಎಂದೆ.

"ತಟ್ಟೆ ಅಂತ ನಾನು ಹೇಳಿಲ್ಲ ಸಾರ್. ಮುಸ್ಸಂಜೇಲಿ ಅಜ್ಜಂಪುರದ ಕಡೆಯಿಂದ ಒಂದು ಬೆಳಕು ಬಂತು. ಶಬ್ದ ಇರಲಿಲ್ಲ. ದೇವನೂರಿನ ಕಡೆ ಹೋಯ್ತು."

"ವಿಮಾನ?"

"ಇರಬಹುದು."

"ಉಲ್ಕೆ?"

"ಇರಬಹುದು ಸಾರ್."

"ಬೇರೆ ಲೋಕದವರು?"

"ಅದೂ ಇರಬಹುದು. ನೋಡಿದಷ್ಟು ಹೇಳ್ದೆ. ಮಿಕ್ಕಿದ್ದು ಗೊತ್ತಿಲ್ಲ."

ನಾನು ಅವನ ಕೈ ಕುಲುಕಿದೆ. ಗೊತ್ತಿಲ್ಲದ ಪ್ರಶ್ನೆಗೇ ಪುಟಗಟ್ಟಲೆ ಬರೆಯುವ ಹುಡುಗರ ಉತ್ತರಪತ್ರಿಕೆ ತಿದ್ದಿ ತಿದ್ದಿ ಸಾಕಾಗಿದ್ದ ನನಗೆ, ಗೊತ್ತಿಲ್ಲ ಎಂದು ತಲೆ ಎತ್ತಿ ಹೇಳುವ ಮನುಷ್ಯ ಕೊನೆಗೂ ಸಿಕ್ಕಿದ್ದ. ಹೊರಗೆ ಬಂದು ವರ್ತಕರಿಗೆ, "ಇಷ್ಟು ನೆಟ್ಟಗಿರುವ ತಲೆ ಈ ತಾಲ್ಲೂಕಿನಲ್ಲೇ ಇಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಾನೆ!" ಎಂದೆ.

ಅವರ ಮುಖ ಇನ್ನಷ್ಟು ಸಪ್ಪಗಾಯಿತು. "ಅಳಿಯ ಆಗೋನು ಈಗ್ಲೇ ಗೊತ್ತಿಲ್ಲ ಗೊತ್ತಿಲ್ಲ ಅಂದ್ರೆ ಹೆಂಗೆ ಸಾರ್?"

೪. ಹೆಣ್ಣು ನೋಡಿದ ದಿನ

ಆ ಮನೆಯಲ್ಲಿ ಕೊನೆಯ ಮಾತು ವರ್ತಕರ ತಾಯಿಯದು. ಹಾಗಾಗಿ ಹುಡುಗನನ್ನು ಕರೆಸಿ ಅಜ್ಜಿಯ ಮುಂದೆ ಕೂರಿಸಿದರು. ನನ್ನನ್ನೂ ಕರೆದಿದ್ದರು. ಉಪ್ಪಿಟ್ಟು ಬಂತು, ಹುಡುಗಿ ಬಂದು ನಮಸ್ಕಾರ ಮಾಡಿ ಬಾಗಿಲ ಹಿಂದೆ ನಿಂತಳು. ಅಜ್ಜಿ ಶುರು ಮಾಡಿದರು.

"ಏನಪ್ಪಾ, ಆಕಾಸದಲ್ಲಿ ಯಾರೋ ಬಂದಿದ್ರಂತೆ. ಊಟಕ್ಕೆ ಕರೆದ್ಯಾ?"

"ಇಲ್ಲ ಅಜ್ಜಿ..."

"ಅಷ್ಟು ದೂರದಿಂದ ಬಂದೋರು! ಒಂದು ಲೋಟ ಮಜ್ಜಿಗೆಗಾದ್ರೂ ಕರೀಬಾರ್ದಾ? ಅವ್ರಿಗೇ ಹಿಂಗ್ ಮಾಡೋನು ನಾಳೆ ಬೀಗರು ಬಂದ್ರೆ ಏನು ನೋಡ್ಕಂತೀಯಾ? ಮತ್ತೇನ್ ಮಾಡ್ದೆ, ಸುಮ್ನೆ ನಿಂತಿದ್ದಾ?"

"ಕೈಲಿ ಸಿಗ್ನಲ್ ದೀಪ ಇತ್ತು ಅಜ್ಜಿ. ಕೆಂಪು ತೋರಿಸ್ದೆ."

ವರ್ತಕರು ತಲೆಯ ಮೇಲೆ ಕೈ ಇಟ್ಟುಕೊಂಡರು. "ಆಕಾಶಕ್ಕೆ ಕೆಂಪು ದೀಪಾನಾ?"

"ರೂಲ್ಸ್ ಹಾಗಿದೆ ಯಜಮಾನ್ರೇ. ಹೇಳದೆ ಕೇಳದೆ ಏನೇ ಬಂದ್ರೂ ಮೊದಲು ಕೆಂಪು."

ಬಾಗಿಲ ಹಿಂದೆ ಬಳೆಯ ಸದ್ದು ನಿಂತಿತು. ಸಂಬಂಧ ಮುರಿಯಿತು ಎಂದೇ ನಾನು ತಿಳಿದೆ.

ಅಜ್ಜಿ ಕೇಳಿದರು: "ಕೆಂಪು ಅಂದ್ರೆ ಏನಪ್ಪಾ?"

"ನಿಲ್ಲಿ ಅಂತ ಅಜ್ಜಿ. ಹಸಿರು ಅಂದ್ರೆ ಹೋಗಿ ಅಂತ."

ಅಜ್ಜಿ ಮಗನ ಕಡೆ ತಿರುಗಿದರು. "ಕೇಳಿದ್ಯೇನ್ಲಾ? ನಿಲ್ಲಿ ಅಂತ ದೀಪ ಹಿಡಿದು ಕೇಳ್ಕಂಡವ್ನೆ ಪಾಪ. ಹೋಗಿ ಅನ್ನಲಿಲ್ಲ. ಅಷ್ಟು ಕರೆದ್ರೂ ನಿಲ್ದೆ ಹೋದೋರ್ಗೆ ಮರ್ಯಾದೆ ಇಲ್ಲ ಕಣೋ, ಇವ್ನದ್ದೇನು ತಪ್ಪು? ತಾಂಬೂಲ ತಗಂಬಾ. ಲಗ್ನಪತ್ರಿಕೆ ಮಾತ್ರ ಅವ್ರಿಗೆ ಕಳಿಸ್ಬ್ಯಾಡ!"