ಬೆಲ್ಲ ತಿಂದು ನೀರು ಬಿಟ್ಟ ಸಾಹೇಬರ ಕುರಿತು

ಇಂದ:
ಹಾಲವ್ವ, ನಳದ ಎದುರಿನ ಖೋಲಿ, ಧಾರಾವಿ.
(ಹೇಳಿದವಳು ಆಕೆ, ಬರೆದವನು ಪಕ್ಕದ ಖೋಲಿಯ ಶಾಂತಪ್ಪ.)

ಗೆ:
ಮುಖ್ಯಾಧಿಕಾರಿಗಳು, ಪಟ್ಟಿಯಲ್ಲಿಲ್ಲದ ವಸ್ತುಗಳ ಇಲಾಖೆ, ಮುಂಬಯಿ.
(ಇಂಥದೊಂದು ಇಲಾಖೆ ಇದ್ದೀತೆಂಬ ನಂಬಿಕೆಯ ಮೇಲೆ.)

ವಿಷಯ: ಬಸುರಿ ಸೊಸೆಗೆ ಕುಡಿಯುವ ನೀರು ಕೋರಿ.

ಉಲ್ಲೇಖ: ತಮ್ಮ ನೀರು ಪರೀಕ್ಷೆಯ ವರದಿ. ಷರಾ: "ಮಿತಿ ನಿಗದಿಯಾಗಿಲ್ಲ, ಆದಕಾರಣ ಮೀರಿಲ್ಲ."

ಮಾನ್ಯರೇ,

1. ಅರ್ಜಿದಾರಳ ಸೊಸೆ ಶಿವಕುಮಾರಿಗೆ ಈಗ ಎಂಟು ತಿಂಗಳು. ನಳದ ನೀರಿಗೆ ಇಲ್ಲಿಯ ತೊಗಲಿನ ಕಾರಖಾನೆಗಳಲ್ಲಿ ಚರ್ಮಕ್ಕೆ ಬಳಿಯುವ ಬಣ್ಣದ ವಾಸನೆ. ಆದ್ದರಿಂದ ಅರ್ಜಿದಾರಳು ಪಕ್ಕದ ಸಯನ್ ಬಡಾವಣೆಯಲ್ಲಿರುವ ತನ್ನ ತಂಗಿಯ ಮನೆಯಿಂದ ದಿನವೂ ಎರಡು ಕ್ಯಾನ್ ನೀರು ಹೊತ್ತು ತರುತ್ತಾಳೆ. ಆಕೆಯ ಮೊಣಕಾಲಿಗೂ ಒಂದು ಮಿತಿ ಇದೆ.

2. ಪರೀಕ್ಷೆಯಲ್ಲಿ ಒಂದು ರಾಸಾಯನಿಕ ಸಿಕ್ಕಿತು. ಕಾನೂನಿನ ಪಟ್ಟಿಯಲ್ಲಿ ಅದರ ಹೆಸರಿಲ್ಲ. ತಜ್ಞರ ಆರೋಗ್ಯ ಮಾನದಂಡ ಮಾತ್ರ ಇದೆ: ಇಷ್ಟರೊಳಗಿದ್ದರೆ ಜೀವಮಾನವಿಡೀ ಕುಡಿದರೂ ಭಯವಿಲ್ಲ ಎಂಬ ಅಂದಾಜು. ನಮ್ಮ ನೀರಿನಲ್ಲಿ ಅದರ ಮೂರು ಪಟ್ಟು! ಆದರೆ ಮಾನದಂಡ ಬರೀ ಸಲಹೆ, ಕಾನೂನಲ್ಲ; ಆ ಕಾರಣ ನೀರು ಪಾಸು. ಶಹಬ್ಬಾಸ್!

3. ತಮ್ಮ ಇಲಾಖೆಯ ಅಕ್ಷಯ ಸಾಹೇಬರು, ಉಡುಪಿ ಕಡೆಯವರು, ಖುದ್ದು ಬಂದು ತಿಳಿಹೇಳಿದರು: "ಇದು ಲಿಸ್ಟಲ್ಲೇ ಇಲ್ಲ ಮಾರಾಯ್ರೆ. ಲಿಮಿಟ್ಟೇ ಇಲ್ಲದ ಮೇಲೆ ಜಾಸ್ತಿ ಉಂಟು ಅಂತ ಹೇಗೆ ಬರೆಯುವುದು?"

"ಯಪ್ಪಾ, ಲಿಸ್ಟಿನ್ಯಾಗ ಇಲ್ಲಂದ್ರ ಹೊಟ್ಟಿಯಾಗ ಹೋಗೂದಿಲ್ಲೇನು?" ಎಂದಳು ಅರ್ಜಿದಾರಳು.

"ಕಮಿಟಿ ಕೂತು ನೋಡ್ತದೆ ಅಮ್ಮ. ಎರಡು ವರ್ಷ ಆಗ್ಬಹುದು."

4. ಮನೆಗೆ ಬಂದವರಿಗೆ ಬೆಲ್ಲ-ನೀರು ಕೊಡುವುದು ನಮ್ಮ ವಿಜಯಪುರ ಕಡೆಯ ಪದ್ಧತಿ. ಅರ್ಜಿದಾರಳು ಸಿಟ್ಟಿನಲ್ಲೂ ಅದನ್ನು ಬಿಡಲಿಲ್ಲ. ಸೊಸೆಗೆಂದು ಹೊತ್ತು ತಂದಿದ್ದ ಸಯನ್ ನೀರನ್ನೇ ಚರಗಿಯಲ್ಲಿ ಕೊಟ್ಟಳು. ಸಾಹೇಬರು ಬೆಲ್ಲ ತಿಂದರು. ನೀರು ನಳದ್ದೆಂದುಕೊಂಡು ಮುಟ್ಟಲಿಲ್ಲ. ಚೀಲದಿಂದ ತಮ್ಮ ಬಾಟಲಿ ತೆಗೆದು ಗಟಗಟ ಕುಡಿದರು. ಹೇಳೂದು ಆಚಾರ, ತಿನ್ನೂದು ಬದನಿಕಾಯಿ!

5. ಹೋದ ವರ್ಷ ಒಂದು ಕೂಸನ್ನು ಹೊಟ್ಟೆಯಲ್ಲೇ ಕಳಕೊಂಡ ಮನೆ ಇದು. ನೀರೇ ಕಾರಣವೆಂದು ಅರ್ಜಿದಾರಳು ಹೇಳುತ್ತಿಲ್ಲ. ಅಲ್ಲವೆಂದು ಹೇಳುವವರೂ ಯಾರೂ ಸಿಕ್ಕಿಲ್ಲ. ಆಕೆಗೆ ಭಯವಾಗಿದೆ.

ಆದ್ದರಿಂದ, ಪಟ್ಟಿ ಇಲ್ಲದೆಯೇ ಸಾಹೇಬರ ಗಂಟಲು ಪಾಲಿಸಿದ ಮಾನದಂಡವನ್ನೇ ಶಿವಕುಮಾರಿಗೂ ಅನ್ವಯಿಸಿ, ಕಮಿಟಿ ಕೂಡುವವರೆಗೆ ಸಾಹೇಬರು ಕುಡಿಯುವಂಥ ನೀರನ್ನು ದಿನಕ್ಕೆ ಎರಡು ಕ್ಯಾನ್ ಕಳಿಸಿಕೊಡಬೇಕು.

ಸದ್ಯದ ಮಟ್ಟಿಗೆ ತಮ್ಮ ವಿಶ್ವಾಸಿ,
ಹಾಲವ್ವ (ಎಡಗೈ ಹೆಬ್ಬೆಟ್ಟು)

ಲಗತ್ತು:
ಅ) ವರದಿಯ ಪ್ರತಿ.
ಆ) ನಳದ ನೀರು, ಒಂದು ಬಾಟಲಿ. ಮಿತಿ ಇಲ್ಲದ ಕಾರಣ ಎಷ್ಟು ಬೇಕಾದರೂ ಕುಡಿಯಬಹುದು.

ವಿ.ಸೂ.: ಹುಟ್ಟಲಿರುವ ಕೂಸಿಗೆ ಇನ್ನೂ ಹೆಸರಿಟ್ಟಿಲ್ಲ. ಹೆಸರಿಲ್ಲವೆಂಬ ಕಾರಣಕ್ಕೆ ಅದನ್ನೂ ಪಟ್ಟಿಯಿಂದ ಬಿಡಬಾರದೆಂದು ಕೋರಿಕೆ.